ಶಸ್ತ್ರಕ್ಕೆ ಮುನ್ನ ಚಿತ್ರ: ಪಿಟ್ಯುಟರಿ ಗ್ರಂಥಿಯ ಗಡ್ಡೆಗಳೂ ಮುಂಗಾಣುವ ವಿವೇಕವೂ

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ತರ್ಕಶಾಸ್ತ್ರದಲ್ಲಿ ಅನುಮಾನಪ್ರಮಾಣಕ್ಕೆ ಕೊಡುವ ಪ್ರಸಿದ್ಧ ಉದಾಹರಣೆ. ಕಣ್ಣಿಗೆ ಬಿದ್ದ ಹೊಗೆ ಹೇತು; ಕಣ್ಣಿಗೆ ಬೀಳದ ಬೆಂಕಿ ಸಾಧ್ಯ; ಹೊಗೆಯಿರುವಲ್ಲೆಲ್ಲ ಬೆಂಕಿಯಿದ್ದೇ ಇರುತ್ತದೆಂಬ ನಿಯತ ಸಂಬಂಧವೇ ವ್ಯಾಪ್ತಿ. ಈ ಮೂರರಲ್ಲಿ ಯಾವುದೊಂದು ಸಡಿಲವಾದರೂ ಅನುಮಾನ ಕೆಡುತ್ತದೆ. ನಮ್ಮ ಪೂರ್ವಿಕರು ಪಾಠಶಾಲೆಯ ಜಗುಲಿಯಲ್ಲಿ ಕುಳಿತು ಚರ್ಚಿಸಿದ ಈ ವಿಚಾರ ಇಂದಿನ ಆಸ್ಪತ್ರೆಯ ಶಸ್ತ್ರಚಿಕಿತ್ಸಾಲಯದಲ್ಲಿ ಪ್ರತಿದಿನವೂ ಪ್ರಯೋಗಕ್ಕೆ ಬರುತ್ತಿದೆಯೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಮುಚ್ಚಿದ ತಲೆಬುರುಡೆಯೊಳಗೆ ಬೆಳೆದಿರುವ ಗಡ್ಡೆಯೊಂದನ್ನು ತೆಗೆಯಹೊರಟ ಶಸ್ತ್ರವೈದ್ಯನ ಸ್ಥಿತಿ ಬೆಟ್ಟದ ತಪ್ಪಲಿನಲ್ಲಿ ನಿಂತವನ ಸ್ಥಿತಿಯೇ ಸರಿ. ಅವನಿಗೆ ಮೊದಲು ದೊರೆಯುವುದು ಚಿತ್ರ. ಆ ಚಿತ್ರದಿಂದ ಅವನು ಎರಡನ್ನು ಊಹಿಸಬೇಕು: ಒಳಗೆ ಏನಿದೆ ಎಂಬುದು ಒಂದು, ಕೈಯಿಟ್ಟರೆ ಏನಾದೀತು ಎಂಬುದು ಇನ್ನೊಂದು. ಪಿಟ್ಯುಟರಿ ಗ್ರಂಥಿಯ ಗಡ್ಡೆಗಳ ವಿಷಯದಲ್ಲಿ ಈ ಎರಡನೆಯ ಊಹೆ ಹೇಗೆ ಬೆಳೆದುಬಂದಿತು, ಅದರ ಬಲವೆಷ್ಟು, ಮಿತಿಯೆಷ್ಟು ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಗ್ರಂಥಿಯ ಸ್ಥಾನ

ಪಿಟ್ಯುಟರಿ ಗ್ರಂಥಿ ಒಂದು ಬಟಾಣಿ ಕಾಳಿನಷ್ಟು ದೊಡ್ಡದು. ತೂಕ ಸುಮಾರು ಅರ್ಧ ಗ್ರಾಂ. ಲ್ಯಾಟಿನ್ ಭಾಷೆಯಲ್ಲಿ ‘ಪಿಟ್ಯುಟ’ ಎಂದರೆ ಶ್ಲೇಷ್ಮ, ಅಂದರೆ ಕಫ. ಮಿದುಳಿನಲ್ಲಿ ಹುಟ್ಟಿದ ಕಫ ಈ ಗ್ರಂಥಿಯ ಮೂಲಕ ಇಳಿದು ಮೂಗಿಗೆ ಬರುತ್ತದೆಂದು ಪ್ರಾಚೀನ ಯುರೋಪಿನ ವೈದ್ಯರು ನಂಬಿದ್ದರಿಂದ ಈ ಹೆಸರು ಬಂತು. ನಂಬಿಕೆ ಸುಳ್ಳಾಯಿತು, ಹೆಸರು ಉಳಿಯಿತು. ಆದರೂ ಮೂಗಿಗೂ ಈ ಗ್ರಂಥಿಗೂ ಇರುವ ಸಾಮೀಪ್ಯ ಮಾತ್ರ ಸತ್ಯವೇ ಆಗಿದ್ದು, ಮುಂದೆ ಶಸ್ತ್ರವೈದ್ಯರಿಗೆ ಅದೇ ಹೆದ್ದಾರಿಯಾದುದು ಒಂದು ವಿನೋದ.

ತಲೆಬುರುಡೆಯ ತಳದಲ್ಲಿ, ಸ್ಫೀನಾಯ್ಡ್ ಎಂಬ ಮೂಳೆಯ ಮೇಲೆ, ಕುದುರೆಯ ಜೀನಿನಂತಹ ಒಂದು ತಗ್ಗು ಇದೆ. ಅದರಲ್ಲಿ ಈ ಗ್ರಂಥಿ ಕುಳಿತಿದೆ. ತುರ್ಕಿಯ ಜೀನನ್ನು ಹೋಲುವುದರಿಂದ ಆ ತಗ್ಗಿಗೆ ‘ಸೆಲ್ಲಾ ಟರ್ಸಿಕಾ’ ಎಂದು ಹೆಸರಿಟ್ಟಿದ್ದಾರೆ. ದೇಹದ ಬೆಳವಣಿಗೆ, ಋತುಧರ್ಮ, ಎದೆಹಾಲು, ಥೈರಾಯ್ಡ್ ಮತ್ತು ಅಡ್ರಿನಲ್ ಗ್ರಂಥಿಗಳ ಕೆಲಸ, ದೇಹದ ನೀರಿನ ಸಮತೋಲ, ಇವೆಲ್ಲವೂ ಇದರಿಂದ ಹೊರಡುವ ಹಾರ್ಮೋನುಗಳ ಅಧೀನ.

ಕಾಳಿನಷ್ಟು ಚಿಕ್ಕದಾದ ಈ ಅಂಗದ ನೆರೆಹೊರೆ ಮಾತ್ರ ಅತಿ ಗಹನವಾದದ್ದು. ಮೇಲುಗಡೆ ಎರಡು ಕಣ್ಣುಗಳಿಂದ ಬಂದ ದೃಷ್ಟಿನರಗಳು ಕೂಡಿ ಕತ್ತರಿಯಂತೆ ಹಾಯುವ ಸಂಧಿಯಿದೆ. ಅದಕ್ಕೂ ಮೇಲೆ ಹಸಿವು, ಬಾಯಾರಿಕೆ, ನಿದ್ರೆ, ದೇಹದ ಉಷ್ಣತೆಗಳನ್ನು ಆಳುವ ಹೈಪೊಥಾಲಮಸ್ ಎಂಬ ಮಿದುಳಿನ ಭಾಗವಿದೆ. ಎಡಬಲಗಳಲ್ಲಿ ರಕ್ತ ತುಂಬಿದ ಕುಹರಗಳಿದ್ದು, ಅವುಗಳ ನಡುವೆ ಮಿದುಳಿಗೆ ರಕ್ತವನ್ನೊಯ್ಯುವ ಕೆರೋಟಿಡ್ ಅಪಧಮನಿಯೂ ಕಣ್ಣುಗುಡ್ಡೆಯನ್ನು ಹೊರಳಿಸುವ ನರಗಳೂ ಹಾಯುತ್ತವೆ. ಕೆಳಗೆ ತೆಳ್ಳನೆಯ ಎಲುಬಿನ ಆಚೆಗೆ ಗಾಳಿ ತುಂಬಿದ ಗೂಡು, ಅದರ ಮುಂದೆ ಮೂಗಿನ ಒಳಭಾಗ. ಇಲ್ಲಿ ಬೆಳೆಯುವ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಜಾತಿಯವಲ್ಲ. ಆದರೂ ಒಳ್ಳೆಯವನು ಇಕ್ಕಟ್ಟಾದ ಮನೆಯಲ್ಲಿ ದಪ್ಪನಾಗುತ್ತ ಹೋದರೆ ನೆರೆಯವರಿಗೆ ಉಸಿರು ಕಟ್ಟುವಂತೆ, ಸಾಧುವಾದ ಗಡ್ಡೆಯೂ ಇಲ್ಲಿ ಅಪಾಯಕಾರಿಯಾಗುತ್ತದೆ.

ತೊಡಕುಗಳ ಸ್ವರೂಪ

ಈ ಪ್ರದೇಶದ ಶಸ್ತ್ರಚಿಕಿತ್ಸೆಯಲ್ಲಿ ಸಂಭವಿಸಬಹುದಾದ ತೊಡಕುಗಳನ್ನು ಮೊದಲು ತಿಳಿಯಬೇಕು. ಏಕೆಂದರೆ ಚಿತ್ರದಿಂದ ಮುಂಗಾಣಬೇಕಾದವು ಇವೇ. ದೃಷ್ಟಿನರಕ್ಕೆ ಪೆಟ್ಟಾದರೆ ಇದ್ದ ನೋಟವೂ ಹೋಗಬಹುದು. ಕೆರೋಟಿಡ್ ಅಪಧಮನಿಗೆ ಗಾಯವಾದರೆ ಪ್ರಾಣಕ್ಕೇ ಸಂಚಕಾರ. ಇದು ಅನುಭವಿಗಳ ಕೈಯಲ್ಲಿ ಅತಿ ವಿರಳ, ಆದರೆ ಸಂಭವಿಸಿದಾಗ ಅತಿ ಘೋರ. ಮಿದುಳನ್ನು ಸುತ್ತಿರುವ ದ್ರವ ಮೂಗಿನ ಕಡೆಗೆ ಸೋರತೊಡಗಿದರೆ ಆ ದಾರಿಯಿಂದಲೇ ಸೋಂಕು ಒಳಹೊಕ್ಕು ಮಿದುಳು ಪೊರೆಯ ಉರಿಯೂತವಾಗಬಹುದು. ಗ್ರಂಥಿಯ ಸ್ವಸ್ಥ ಭಾಗಕ್ಕೆ ಘಾಸಿಯಾದರೆ ಹಾರ್ಮೋನುಗಳ ಕೊರತೆಯಿಂದ ಜೀವನಪರ್ಯಂತ ಔಷಧಿ ಬೇಕಾಗಬಹುದು.

ನೀರಿನ ಸಮತೋಲ ತಪ್ಪುವುದು ಇನ್ನೊಂದು ತೊಡಕು. ರೋಗಿ ದಿನಕ್ಕೆ ಹಲವು ಲೀಟರು ಮೂತ್ರ ಮಾಡುತ್ತಾನೆ, ಎಷ್ಟು ಕುಡಿದರೂ ಬಾಯಾರಿಕೆ ತೀರುವುದಿಲ್ಲ. ಇದನ್ನು ‘ಡಯಾಬಿಟಿಸ್ ಇನ್‌ಸಿಪಿಡಸ್’ ಎಂದು ಬಹುಕಾಲ ಕರೆಯುತ್ತಿದ್ದರು. ಸಕ್ಕರೆ ಕಾಯಿಲೆಗೂ ಇದಕ್ಕೂ ಹೆಸರಿನಲ್ಲಿ ಮಾತ್ರ ಸಾಮ್ಯ. ಆ ಸಾಮ್ಯದಿಂದಲೇ ಆಸ್ಪತ್ರೆಗಳಲ್ಲಿ ಪ್ರಮಾದಗಳಾದುದನ್ನು ಗಮನಿಸಿ 2022ರಲ್ಲಿ ತಜ್ಞರು ಅದಕ್ಕೆ ‘ಆರ್ಜಿನೀನ್ ವ್ಯಾಸೊಪ್ರೆಸಿನ್ ಕೊರತೆ’ ಎಂಬ ಹೊಸ ಹೆಸರನ್ನು ಸೂಚಿಸಿದರು. ಹೆಸರು ತಪ್ಪಿದರೆ ಪ್ರಾಣವೂ ತಪ್ಪಬಹುದೆಂಬುದಕ್ಕೆ ಭಾಷಾಧ್ಯಾಪಕರು ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಶಸ್ತ್ರಚಿಕಿತ್ಸೆಯಾಗಿ ಸುಮಾರು ಒಂದು ವಾರವಾದ ಮೇಲೆ, ರೋಗಿ ಮನೆ ಸೇರಿದ ಬಳಿಕ, ದೇಹ ನೀರನ್ನು ಹಿಡಿದಿಟ್ಟುಕೊಂಡು ರಕ್ತದ ಸೋಡಿಯಂ ಇಳಿದುಹೋಗುವುದೂ ಉಂಟು. ತಲೆನೋವು, ವಾಕರಿಕೆ, ಮಂಕು ಅದರ ಲಕ್ಷಣಗಳು.

ಕಾಣದೆ ಕೈಯಿಟ್ಟ ಕಾಲ

1895ರಲ್ಲಿ ರಾಂಟ್ಜೆನ್ನನು ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ, ಮುಚ್ಚಿದ ತಲೆಬುರುಡೆಯ ಎಲುಬುಗಳು ಮೊದಲ ಬಾರಿಗೆ ಬದುಕಿರುವ ಮನುಷ್ಯನಲ್ಲಿ ಕಾಣಿಸಿದವು. ಗಡ್ಡೆ ಬೆಳೆದವರಲ್ಲಿ ಆ ಜೀನಿನಾಕಾರದ ತಗ್ಗು ಹಿಗ್ಗಿರುವುದು ಆ ಚಿತ್ರದಲ್ಲಿ ಗೋಚರವಾಗುತ್ತಿತ್ತು. ಆದರೆ ಹಿಗ್ಗಿದ ಎಲುಬು ಕಾಣುತ್ತಿತ್ತೇ ಹೊರತು ಹಿಗ್ಗಿಸಿದ ಗಡ್ಡೆ ಕಾಣುತ್ತಿರಲಿಲ್ಲ. ಪಾತ್ರೆಯನ್ನು ಕಂಡು ಅದರಲ್ಲಿರುವುದನ್ನು ಅಳೆಯುವ ಸ್ಥಿತಿ ಅದು.

1907ರ ಮಾರ್ಚ್ 16ರಂದು ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದಲ್ಲಿ ಹೆರ್ಮನ್ ಶ್ಲೋಫರ್ ಎಂಬ ಶಸ್ತ್ರವೈದ್ಯನು ಮೂಗಿನ ಮಾರ್ಗವಾಗಿ ಸ್ಫೀನಾಯ್ಡ್ ಮೂಳೆಯನ್ನು ದಾಟಿ ಪಿಟ್ಯುಟರಿ ಗಡ್ಡೆಯನ್ನು ತೆಗೆದನು. ಬದುಕಿರುವ ರೋಗಿಯಲ್ಲಿ ಈ ಮಾರ್ಗದಿಂದ ನಡೆದ ಮೊದಲ ಶಸ್ತ್ರಚಿಕಿತ್ಸೆ ಅದು. ರೋಗಿ ಆ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡನು. ಆದರೆ ಸುಮಾರು ಎರಡೂವರೆ ತಿಂಗಳ ಮೇಲೆ ತೀರಿಹೋದನು. ಶವಪರೀಕ್ಷೆ ನಡೆಸಿದಾಗ ಗಡ್ಡೆಯ ಬಹುಭಾಗ ಮೇಲ್ಮುಖವಾಗಿ ಮಿದುಳಿನೊಳಕ್ಕೆ ಚಾಚಿಕೊಂಡು ಹಾಗೆಯೇ ಉಳಿದಿದ್ದುದು ತಿಳಿದುಬಂತು. ಶ್ಲೋಫರನ ಕೈಚಳಕದಲ್ಲಿ ಕೊರತೆಯಿರಲಿಲ್ಲ, ಧೈರ್ಯದಲ್ಲಿಯೂ ಕೊರತೆಯಿರಲಿಲ್ಲ. ಎಲುಬಿನ ನೆರಳು ಅವನಿಗೆ ಹೇಳದೆ ಬಿಟ್ಟ ಸಂಗತಿಯೇ ರೋಗಿಯ ಪ್ರಾಣಕ್ಕೆ ಮುಳುವಾಯಿತು.

ಅಮೆರಿಕದ ಹಾರ್ವೆ ಕುಶಿಂಗ್ 1910ರಿಂದ 1925ರವರೆಗೆ ಇದೇ ಮಾರ್ಗದಿಂದ 231 ಶಸ್ತ್ರಚಿಕಿತ್ಸೆಗಳನ್ನು ನಡೆಸಿದನು. ಮೃತರ ಪ್ರಮಾಣ ಶೇಕಡ 5.6. ಪ್ರತಿಜೀವಕ ಔಷಧಗಳೂ ಕೃತಕ ಹಾರ್ಮೋನುಗಳೂ ಇಲ್ಲದ ಆ ಕಾಲಕ್ಕೆ ಇದು ಬೆರಗುಗೊಳಿಸುವ ಸಾಧನೆ. ಆದರೂ ಆತನೇ ಕಡೆಗೆ ಈ ಮಾರ್ಗವನ್ನು ಬಹುಮಟ್ಟಿಗೆ ಬಿಟ್ಟು ತಲೆಬುರುಡೆಯನ್ನು ತೆರೆಯುವ ಮಾರ್ಗವನ್ನು ಹಿಡಿದನು. ಮೇಲಿನಿಂದ ಹೋದರೆ ದೃಷ್ಟಿನರಗಳನ್ನೂ ಗಡ್ಡೆಯ ಮೇಲ್ಭಾಗವನ್ನೂ ಕಣ್ಣಾರೆ ಕಾಣಬಹುದೆಂಬುದು ಅದಕ್ಕೊಂದು ಮುಖ್ಯ ಕಾರಣ. ಗುರುವೇ ಬಿಟ್ಟ ದಾರಿಯಲ್ಲಿ ಶಿಷ್ಯರು ನಡೆಯಲಿಲ್ಲ. ಎಡಿನ್‌ಬರೋದ ನಾರ್ಮನ್ ಡಾಟ್, ಆತನಿಂದ ಕಲಿತ ಪ್ಯಾರಿಸ್ಸಿನ ಝೆರಾರ್ ಗಿಯೊ, ಆತನಿಂದ ಕಲಿತ ಮಾಂಟ್ರಿಯಲ್‌ನ ಝೂಲ್ ಆರ್ಡಿ, ಹೀಗೆ ಕೆಲವೇ ಕೈಗಳ ಪರಂಪರೆಯಲ್ಲಿ ಆ ವಿದ್ಯೆ ಉಳಿದು, 1960ರ ದಶಕದಲ್ಲಿ ಆರ್ಡಿ ಸೂಕ್ಷ್ಮದರ್ಶಕವನ್ನು ಬಳಕೆಗೆ ತಂದಾಗ ಮತ್ತೆ ತಲೆಯೆತ್ತಿತು.

ಇತ್ತ ಚಿತ್ರಗಳೂ ಬೆಳೆಯುತ್ತಿದ್ದವು. ವಾಲ್ಟರ್ ಡ್ಯಾಂಡಿ 1918–19ರಲ್ಲಿ ಮಿದುಳಿನ ದ್ರವದ ಸ್ಥಾನದಲ್ಲಿ ಗಾಳಿಯನ್ನು ತುಂಬಿ ಕ್ಷ-ಕಿರಣದ ಚಿತ್ರ ತೆಗೆಯುವ ವಿಧಾನವನ್ನು ತಂದನು. ರೋಗಿಗೆ ಅದು ಯಮಯಾತನೆ. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ರಕ್ತನಾಳಗಳ ಚಿತ್ರವನ್ನು ಸಾಧಿಸಿದನು. 1971ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡನ ಯಂತ್ರ ಬದುಕಿರುವ ರೋಗಿಯ ಮಿದುಳನ್ನು ಮೊಟ್ಟಮೊದಲು ಪದರ ಪದರವಾಗಿ ತೋರಿಸಿತು. ಇದೇ ಸಿ.ಟಿ. ಸ್ಕ್ಯಾನ್. ಅನಂತರ ಅಯಸ್ಕಾಂತಶಕ್ತಿಯಿಂದ ಕೆಲಸ ಮಾಡುವ ಎಂ.ಆರ್.ಐ. ಬಂದು, ಎಲುಬಿನ ಬದಲು ಗಡ್ಡೆಯನ್ನೂ ಗ್ರಂಥಿಯನ್ನೂ ನರವನ್ನೂ ಬೇರೆಬೇರೆಯಾಗಿ ತೋರಿಸತೊಡಗಿತು. ಶ್ಲೋಫರನಿಗೆ ಶವಪರೀಕ್ಷೆಯಲ್ಲಿ ತಿಳಿದದ್ದು ಇಂದಿನ ವೈದ್ಯನಿಗೆ ಶಸ್ತ್ರಕ್ಕೆ ಮುನ್ನವೇ ತಿಳಿಯುತ್ತದೆ.

ಚಿತ್ರವನ್ನು ಓದುವ ಕ್ರಮ

ಚಿತ್ರ ತೆಗೆಯುವುದು ಯಂತ್ರದ ಕೆಲಸ. ಓದುವುದು ವಿದ್ಯಾವಂತನ ಕೆಲಸ. ಓದುವವನು ಮೊದಲು ದಾರಿಯನ್ನು ನೋಡುತ್ತಾನೆ. ಮೂಗಿನ ಹಿಂದಿರುವ ಗಾಳಿಗೂಡು ಎಲ್ಲರಲ್ಲಿಯೂ ಒಂದೇ ರೀತಿ ಇರುವುದಿಲ್ಲ. ಕೆಲವರಲ್ಲಿ, ವಿಶೇಷವಾಗಿ ಎಳೆಯ ಮಕ್ಕಳಲ್ಲಿ, ಅದು ಇನ್ನೂ ಗಟ್ಟಿ ಎಲುಬಾಗಿಯೇ ಇರುತ್ತದೆ. ಕೆಲವರಲ್ಲಿ ಗೂಡಿನೊಳಗಿನ ಅಡ್ಡಗೋಡೆ ನೇರವಾಗಿ ಕೆರೋಟಿಡ್ ಅಪಧಮನಿಯ ಮೇಲಣ ತೆಳ್ಳನೆಯ ಎಲುಬಿಗೆ ಅಂಟಿಕೊಂಡಿರುತ್ತದೆ. ಅದನ್ನು ತಿಳಿಯದೆ ಹಿಡಿದು ಮುರಿದರೆ ಅನಾಹುತ. ಇನ್ನು ಕೆಲವರಲ್ಲಿ ಎಡಬಲದ ಎರಡು ಅಪಧಮನಿಗಳೂ ನಡುವಿಗೆ ಸರಿದು ಇಕ್ಕಟ್ಟಾದ ಕಣಿವೆಯನ್ನು ಉಳಿಸಿರುತ್ತವೆ. ಸಿ.ಟಿ. ಚಿತ್ರ ಈ ಎಲ್ಲವನ್ನೂ ಮುಂಚಿತವಾಗಿ ಹೇಳುತ್ತದೆ. ಗಡ್ಡೆಯಂತೆ ತೋರುವುದು ನಿಜವಾಗಿ ಉಬ್ಬಿದ ರಕ್ತನಾಳವಾಗಿರಬಹುದೆಂಬ ಶಂಕೆಯಿದ್ದಲ್ಲಿ ರಕ್ತನಾಳಗಳ ಚಿತ್ರವನ್ನು ಪ್ರತ್ಯೇಕವಾಗಿ ತೆಗೆಯುತ್ತಾರೆ. ಹಗ್ಗವೆಂದು ತಿಳಿದು ಹಾವನ್ನು ಹಿಡಿಯುವ ಪ್ರಮಾದ ಹೀಗೆ ತಪ್ಪುತ್ತದೆ.

ಎರಡನೆಯದಾಗಿ ಪಕ್ಕಗಳನ್ನು ನೋಡುತ್ತಾನೆ. ಗಡ್ಡೆ ಅಪಧಮನಿಯ ಕಡೆಗೆ ಎಷ್ಟು ಸರಿದಿದೆ? ಇದನ್ನು ಅಳೆಯಲು ವಿಯೆನ್ನಾ ನಗರದ ಎಂಗೆಲ್‌ಬರ್ಟ್ ಕ್ನೋಸ್ಪ್ ಮತ್ತು ಸಂಗಡಿಗರು 1993ರಲ್ಲಿ ಒಂದು ಸರಳವಾದ ಮಾನವನ್ನು ಕೊಟ್ಟರು. ಚಿತ್ರದಲ್ಲಿ ಒಂದರ ಮೇಲೊಂದಾಗಿ ಕಾಣುವ ಕೆರೋಟಿಡ್ ಅಪಧಮನಿಯ ಎರಡು ವೃತ್ತಗಳ ಒಳಅಂಚನ್ನು ಮುಟ್ಟುವ ಒಂದು ಗೆರೆ, ನಡುವನ್ನು ಹಾಯುವ ಒಂದು ಗೆರೆ, ಹೊರಅಂಚನ್ನು ಮುಟ್ಟುವ ಒಂದು ಗೆರೆ. ಗಡ್ಡೆ ಮೊದಲ ಗೆರೆಯನ್ನು ದಾಟದಿದ್ದರೆ ಸೊನ್ನೆ ದರ್ಜೆ. ಅದನ್ನು ದಾಟಿ ನಡುಗೆರೆಯೊಳಗಿದ್ದರೆ 1. ನಡುಗೆರೆಯನ್ನು ದಾಟಿ ಹೊರಗೆರೆಯೊಳಗಿದ್ದರೆ 2. ಹೊರಗೆರೆಯನ್ನೂ ದಾಟಿದ್ದರೆ 3. ಅಪಧಮನಿಯನ್ನು ಪೂರ್ತಿ ಸುತ್ತುವರಿದಿದ್ದರೆ 4. ಬಾಲಕರ ರೇಖಾಗಣಿತದಷ್ಟೇ ಸುಲಭವಾದ ಈ ಮೂರು ಗೆರೆಗಳು ಗಡ್ಡೆಯನ್ನು ಪೂರ್ತಿ ತೆಗೆಯುವುದು ಸಾಧ್ಯವೇ, ರಕ್ತನಾಳಕ್ಕೆ ಅಪಾಯವೆಷ್ಟು ಎಂಬುದನ್ನು ಲೋಕದ ಎಲ್ಲ ಶಸ್ತ್ರವೈದ್ಯರೂ ಒಂದೇ ಭಾಷೆಯಲ್ಲಿ ಮಾತಾಡುವಂತೆ ಮಾಡಿದವು.

ಮೂರನೆಯದಾಗಿ ಮೇಲ್ಭಾಗ. ದೃಷ್ಟಿನರಗಳ ಸಂಧಿ ಎಷ್ಟು ಎತ್ತಲ್ಪಟ್ಟಿದೆ, ಎಷ್ಟು ತೆಳುವಾಗಿದೆ? ಗಡ್ಡೆ ಮೇಲೆ ಮಿದುಳಿನ ದ್ರವದ ಕೋಣೆಯವರೆಗೂ ಏರಿದ್ದರೆ ದ್ರವ ಸೋರುವ ಸಂಭವ ಹೆಚ್ಚು. ಮುಚ್ಚುವುದಕ್ಕೆ ಬೇಕಾದ ಪೊರೆಯನ್ನೂ ಕೊಬ್ಬನ್ನೂ ಮೊದಲೇ ಸಿದ್ಧಮಾಡಿಕೊಳ್ಳಬೇಕು. ನಾಲ್ಕನೆಯದಾಗಿ ಗ್ರಂಥಿಯ ಹಿಂಭಾಗ. ಎಂ.ಆರ್.ಐ.ನ ಒಂದು ಬಗೆಯ ಚಿತ್ರದಲ್ಲಿ ಇದು ಬೆಳ್ಳಗೆ ಹೊಳೆಯುವ ಚುಕ್ಕೆಯಾಗಿ ತೋರುತ್ತದೆ. ಗಡ್ಡೆ ಆ ಚುಕ್ಕೆಯನ್ನು ಎತ್ತ ತಳ್ಳಿದೆಯೆಂದು ಗುರುತಿಸಿಕೊಂಡರೆ ಸ್ವಸ್ಥ ಗ್ರಂಥಿಯನ್ನು ಕಾಪಾಡಲು ಅನುಕೂಲ. ನೀರಿನ ಸಮತೋಲ ಕೆಡುವ ಭಯ ಯಾರಲ್ಲಿ ಹೆಚ್ಚೆಂಬ ಸುಳಿವೂ ದೊರೆಯುತ್ತದೆ.

ವ್ಯಾಪ್ತಿಯ ಸಡಿಲ

ಇಷ್ಟನ್ನು ಕೇಳಿದವರಿಗೆ ಚಿತ್ರವೇ ಸರ್ವಜ್ಞನೆಂದು ತೋರಬಹುದು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಹುಟ್ಟಿದ್ದು ಇಂತಹ ಸಂದರ್ಭಕ್ಕೇ. ಕ್ನೋಸ್ಪರ ಮಾನವನ್ನು ಅದೇ ವಿಯೆನ್ನಾದ ವೈದ್ಯರು ಮತ್ತೆ ಪರೀಕ್ಷೆಗೊಡ್ಡಿ 2015ರಲ್ಲಿ ಫಲವನ್ನು ಪ್ರಕಟಿಸಿದರು. ಅಷ್ಟರಲ್ಲಿ ಮೂಗಿನ ಮೂಲಕ ಒಳಹೊಗುವ ಎಂಡೋಸ್ಕೋಪು ಬಂದಿತ್ತು. ಗಡ್ಡೆ ನಿಜವಾಗಿ ಪಕ್ಕದ ಕುಹರದೊಳಕ್ಕೆ ನುಗ್ಗಿದೆಯೇ ಎಂಬುದನ್ನು ಕಣ್ಣಾರೆ ನೋಡಬಹುದಾಗಿತ್ತು. 4ನೆಯ ದರ್ಜೆಯಲ್ಲಿ ಚಿತ್ರದ ಮಾತು ಎಲ್ಲರಲ್ಲಿಯೂ ನಿಜವಾಯಿತು. ಆದರೆ 3ನೆಯ ದರ್ಜೆಯಲ್ಲಿ, ಅಪಧಮನಿಯ ಮೇಲುಗಡೆಗೆ ಚಾಚಿದ ಗಡ್ಡೆಗಳಲ್ಲಿ ಸುಮಾರು ನಾಲ್ಕರಲ್ಲೊಂದು ಮಾತ್ರ ನಿಜವಾಗಿ ನುಗ್ಗಿತ್ತು. ಕೆಳಗಡೆಗೆ ಚಾಚಿದವುಗಳಲ್ಲಿ ಹತ್ತರಲ್ಲಿ ಏಳು ನುಗ್ಗಿದ್ದವು. ಒಂದೇ ದರ್ಜೆಯೆಂದು ಎಣಿಸಿದ್ದುದರಲ್ಲಿ ಎರಡು ಜಾತಿಗಳಿದ್ದವು. ಆದುದರಿಂದ ಅದನ್ನು 3ಎ, 3ಬಿ ಎಂದು ಒಡೆದರು. ಹೇತು ಸರಿಯಾಗಿತ್ತು; ವ್ಯಾಪ್ತಿಯನ್ನು ತಿದ್ದಬೇಕಾಯಿತು. ತಮ್ಮ ಮನೆಯಲ್ಲೇ ಹುಟ್ಟಿದ ಸಿದ್ಧಾಂತವನ್ನು ತಾವೇ ತಿದ್ದಿಕೊಂಡವರ ಪ್ರಾಮಾಣಿಕತೆ ಯಾವ ಶಾಸ್ತ್ರದವರಿಗೂ ಆದರ್ಶಪ್ರಾಯ.

ಮಂಜನ್ನು ಹೊಗೆಯೆಂದು ಭ್ರಮಿಸುವ ದೋಷವೂ ಇಲ್ಲಿ ಇಲ್ಲದಿಲ್ಲ. ಬೇರೆ ಕಾರಣಕ್ಕೆ ಎಂ.ಆರ್.ಐ. ಮಾಡಿಸಿಕೊಂಡ ಆರೋಗ್ಯವಂತ ವಯಸ್ಕರಲ್ಲಿ ಸುಮಾರು ಹತ್ತರಲ್ಲೊಬ್ಬರ ಪಿಟ್ಯುಟರಿಯಲ್ಲಿ ಚಿಕ್ಕದೊಂದು ಮಚ್ಚೆ ಕಾಣಬಹುದು. ಅದು ಬಹುತೇಕ ನಿರಪಾಯಕರ. ಚಿತ್ರ ತೋರಿಸಿತೆಂದು ಶಸ್ತ್ರವನ್ನು ಎತ್ತಿಕೊಳ್ಳುವುದು ಅವಿವೇಕ. ಇದಕ್ಕೆ ವಿಪರ್ಯಯವೂ ಉಂಟು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆ ಕಾಣದು. ಹಾಗೆಯೇ ಕುಶಿಂಗನ ಹೆಸರನ್ನೇ ಹೊತ್ತ ಕಾಯಿಲೆಯಲ್ಲಿ ಇಡೀ ದೇಹವನ್ನು ಹಣ್ಣುಮಾಡುವ ಗಡ್ಡೆ ಕೆಲವೇ ಮಿಲಿಮೀಟರಿನಷ್ಟಿದ್ದು ಎಷ್ಟೋ ರೋಗಿಗಳ ಚಿತ್ರದಲ್ಲಿ ಕಾಣಿಸುವುದೇ ಇಲ್ಲ. ರಕ್ತಪರೀಕ್ಷೆಯೇ ಅಲ್ಲಿ ದಾರಿದೀಪ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಸುರಿಸುವ ಗಡ್ಡೆ ಚಿತ್ರದಲ್ಲಿ ಎಷ್ಟೇ ಭಯಂಕರವಾಗಿ ಕಂಡರೂ ಬಹುಪಾಲು ರೋಗಿಗಳಲ್ಲಿ ಗುಳಿಗೆಯಿಂದಲೇ ಕುಗ್ಗುತ್ತದೆ. ರಕ್ತವನ್ನು ಕೇಳದೆ ಚಿತ್ರವನ್ನಷ್ಟೇ ನಂಬಿದವನು ಬೇಡದ ಶಸ್ತ್ರಚಿಕಿತ್ಸೆಯನ್ನು ಮಾಡಿಬಿಡುವನು.

ಗಡ್ಡೆ ಮೆದುವೋ ಗಟ್ಟಿಯೋ ಎಂಬುದೂ ಮುಖ್ಯ. ಮೆದುವಾದದ್ದನ್ನು ಹೀರಿ ತೆಗೆಯಬಹುದು. ಗಟ್ಟಿಯಾದದ್ದನ್ನು ಎಳೆದರೆ ಅಂಟಿಕೊಂಡ ನರವೂ ಬಂದೀತು. ಚಿತ್ರದ ಕಪ್ಪು ಬಿಳುಪುಗಳಿಂದ ಇದನ್ನು ತಿಳಿಯಲು ಹಲವರು ಯತ್ನಿಸಿದ್ದಾರಾದರೂ ಫಲಗಳು ಪರಸ್ಪರ ಹೊಂದುವುದಿಲ್ಲ. ಈಚೆಗೆ ಕಂಪ್ಯೂಟರಿಗೆ ಸಾವಿರಾರು ಚಿತ್ರಗಳನ್ನು ತೋರಿಸಿ ಮನುಷ್ಯನ ಕಣ್ಣಿಗೆ ನಿಲುಕದ ಲಕ್ಷಣಗಳನ್ನು ಗುರುತಿಸಲು ಕಲಿಸುತ್ತಿದ್ದಾರೆ. ಆಶಾದಾಯಕವಾದ ಯತ್ನವದು. ಆದರೆ ಒಂದು ಆಸ್ಪತ್ರೆಯ ಚಿತ್ರಗಳಿಂದ ಕಲಿತದ್ದು ಬೇರೊಂದು ಆಸ್ಪತ್ರೆಯ ಬೇರೊಂದು ಯಂತ್ರದ ಚಿತ್ರಗಳಲ್ಲಿಯೂ ನಿಲ್ಲುವುದೇ ಎಂಬ ಪರೀಕ್ಷೆಯನ್ನು ಗೆದ್ದ ಬಳಿಕವೇ ಅದನ್ನು ರೋಗಿಯ ಹಾಸಿಗೆಯ ಬಳಿಗೆ ತರಬೇಕು.

ನಿಲ್ಲಿಸುವ ವಿದ್ಯೆ

ಚಿತ್ರದ ಪರಮ ಪ್ರಯೋಜನ ಎಲ್ಲಿಯವರೆಗೆ ಹೋಗಬಹುದೆಂದು ಹೇಳುವುದಕ್ಕಿಂತಲೂ ಎಲ್ಲಿ ನಿಲ್ಲಬೇಕೆಂದು ಹೇಳುವುದರಲ್ಲಿದೆ. ಇದಕ್ಕೆ ಮಕ್ಕಳಲ್ಲಿ ಕಾಣುವ ‘ಕ್ರೇನಿಯೊಫ್ಯಾರಿಂಜಿಯೊಮ’ ಎಂಬ ಗಡ್ಡೆಯೇ ಸಾಕ್ಷಿ. ಇದು ಕ್ಯಾನ್ಸರಲ್ಲ. ಆದುದರಿಂದ ಬೇರುಸಹಿತ ಕಿತ್ತರೆ ಮಗು ಗುಣವಾಗುತ್ತದೆಂದು ಬಹುಕಾಲ ಎಣಿಸಿದ್ದರು. ಹಲವರು ಪೂರ್ತಿಯಾಗಿ ತೆಗೆದೂ ತೆಗೆದರು. ಚಿತ್ರ ನಿರ್ಮಲವಾಯಿತು, ಮಗುವಿನ ಬಾಳು ಆಗಲಿಲ್ಲ. ಗಡ್ಡೆಯೊಡನೆ ಹೈಪೊಥಾಲಮಸ್ಸಿಗೂ ಘಾಸಿಯಾದುದರಿಂದ ತಣಿಯದ ಹಸಿವು, ಮಿತಿಮೀರಿದ ಸ್ಥೂಲತೆ, ಹಗಲುನಿದ್ದೆ, ಮರೆವುಗಳು ಆ ಮಕ್ಕಳನ್ನು ಹಿಡಿದವು. 2007ರಲ್ಲಿ ಪ್ಯಾರಿಸ್ಸಿನ ಸ್ಟೆಫನಿ ಪ್ಯೂಜೆ ಮತ್ತು ಸಂಗಡಿಗರು ಚಿತ್ರದಲ್ಲಿ ಹೈಪೊಥಾಲಮಸ್ಸಿನ ಸ್ಥಿತಿಯನ್ನು ಮೂರಾಗಿ ವಿಂಗಡಿಸಿದರು: ಗಡ್ಡೆ ಅದನ್ನು ಮುಟ್ಟಿಲ್ಲದಿದ್ದರೆ ಸೊನ್ನೆ, ಪಕ್ಕಕ್ಕೆ ತಳ್ಳಿದ್ದರೆ 1, ಎಲ್ಲಿದೆಯೆಂದು ಗುರುತೇ ಸಿಗದಂತೆ ಆವರಿಸಿದ್ದರೆ 2. ಈ ಎರಡನೆಯ ದರ್ಜೆಯಲ್ಲಿ ಪೂರ್ತಿ ತೆಗೆಯುವ ಹಟವನ್ನು ಬಿಟ್ಟು, ಹೈಪೊಥಾಲಮಸ್ಸಿಗೆ ಅಂಟಿದ ಭಾಗವನ್ನು ಉಳಿಸಿ, ಅದನ್ನು ವಿಕಿರಣ ಚಿಕಿತ್ಸೆಗೆ ಒಪ್ಪಿಸುವುದು ಲೇಸೆಂದು ಅವರು ಪ್ರತಿಪಾದಿಸಿದರು. ಉಳಿಸಿದ ಗಡ್ಡೆ ಮತ್ತೆ ಬೆಳೆಯುವ ಭಯವಿಲ್ಲದಿಲ್ಲ. ವರ್ಷ ವರ್ಷವೂ ಚಿತ್ರ ತೆಗೆದು ಕಾವಲಿರಬೇಕು. ಆದರೂ ಗಡ್ಡೆಯ ಒಂದು ಚೂರಿಗಿಂತ ಮಗುವಿನ ನೆನಪೂ ನಿದ್ದೆಯೂ ಹಸಿವಿನ ಹದವೂ ದೊಡ್ಡವು. ಶಸ್ತ್ರವೈದ್ಯನ ಗೆಲುವನ್ನು ತಟ್ಟೆಗೆ ಬಿದ್ದ ಗಡ್ಡೆಯಿಂದ ಅಳೆಯದೆ, ಮನೆಗೆ ಮರಳಿದ ಮಗುವಿನಿಂದ ಅಳೆಯುವ ಕಾಲ ಹೀಗೆ ಬಂದಿತು.

ಮುಂಗಾಣುವಿಕೆಯ ಇನ್ನೊಂದು ಫಲವನ್ನು ಮರೆಯುವಂತಿಲ್ಲ. ಅಪಾಯವನ್ನು ಮೊದಲೇ ಕಂಡ ವೈದ್ಯನು ಅದನ್ನು ಮನೆಯವರಿಗೆ ಮೊದಲೇ ಹೇಳಬಲ್ಲನು. ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ನೆಗಡಿಯೆಂದು ಸುಮ್ಮನಿರಬಾರದು. ವಾರದ ಬಳಿಕ ಮಂಕು ಕವಿದರೆ ಆಯಾಸವೆಂದು ಮಲಗಿಸಬಾರದು. ಬಾಯಾರಿಕೆ ಹೆಚ್ಚಿದರೆ ಕುಡಿದ ನೀರನ್ನೂ ಹೋದ ಮೂತ್ರವನ್ನೂ ಅಳೆದು ಬರೆದಿಡಬೇಕು. ಈ ನಾಲ್ಕು ಮಾತನ್ನು ತಿಳಿದ ತಾಯಿ ಆಸ್ಪತ್ರೆಯ ಯಾವ ಯಂತ್ರಕ್ಕೂ ಕಡಿಮೆಯಾದ ಕಾವಲುಗಾತಿಯಲ್ಲ.

ಮೊದಲ ಹೊಗೆಯನ್ನು ಕಾಣುವವರು

ಚಿತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ಯಾರನ್ನು ಯಂತ್ರದ ಬಳಿಗೆ ಕರೆತರಬೇಕೆಂದು ಅದು ತಾನಾಗಿ ಹೇಳಲಾರದು. ತಡವಾಗಿ ತೆಗೆದ ಚಿತ್ರ ಬೆಂಕಿ ಬಿದ್ದ ಮೇಲೆ ತೋಡಿದ ಬಾವಿ. ಈ ಗಡ್ಡೆ ಬೆಳೆಯುವ ಮಕ್ಕಳಲ್ಲಿ ಅನೇಕರು 5ರಿಂದ 14 ವರ್ಷದವರು, ಎಂದರೆ ಶಾಲೆಯ ಬೆಂಚಿನ ಮೇಲೆ ಕುಳಿತವರು. ಅವರ ಎತ್ತರ ವರ್ಷವಾದರೂ ಏರುವುದಿಲ್ಲ. ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ತಾವಾಗಿ ಬಂದುಬಿಡುತ್ತಾರೆ. ಎರಡು ಕಣ್ಣುಗಳ ಹೊರಪಾರ್ಶ್ವದ ನೋಟ ಮಾಸುವುದರಿಂದ ಬಾಗಿಲ ಚೌಕಟ್ಟಿಗೆ ಭುಜ ತಾಗಿಸುತ್ತಾರೆ, ಪಕ್ಕದಿಂದ ಬಂದ ಚೆಂಡನ್ನು ಕಾಣರು. ಬೆಳಗಿನ ತಲೆನೋವು, ವಾಂತಿ, ಮತ್ತೆ ಮತ್ತೆ ನೀರಿಗೂ ಮೂತ್ರಕ್ಕೂ ಅಪ್ಪಣೆ ಬೇಡುವುದು, ಇವನ್ನು ಸೋಮಾರಿತನವೆಂದೋ ನೆಪವೆಂದೋ ಗದರಿಸುವುದು ಸುಲಭ. ಇಂತಹ ಲಕ್ಷಣವುಳ್ಳ ಮಕ್ಕಳಲ್ಲಿ ಬಹುಮಂದಿಗೆ ಕಾರಣ ಸಾಮಾನ್ಯವಾದದ್ದೇ ಇರುತ್ತದೆ. ಕನ್ನಡಕದಿಂದಲೋ ಒಳ್ಳೆಯ ಆಹಾರದಿಂದಲೋ ಸರಿಹೋಗುತ್ತದೆ. ಎಲ್ಲಿಯೋ ಒಬ್ಬರಲ್ಲಿ ಮಾತ್ರ ಅದು ಬೆಟ್ಟದ ಮೇಲಣ ಮೊದಲ ಹೊಗೆ.

ಆ ಹೊಗೆಯನ್ನು ಕಾಣುವವರು ತಜ್ಞರಲ್ಲ, ಹಾಜರಿ ಕರೆಯುವ ಅಧ್ಯಾಪಕರು. ವರ್ಷಕ್ಕೆರಡು ಬಾರಿ ಗೋಡೆಗೆ ನಿಲ್ಲಿಸಿ ಎತ್ತರವನ್ನು ಅಳೆದು ದಾಖಲೆಯ ಪುಸ್ತಕದಲ್ಲಿ ಬರೆಯಲು ಒಂದು ಅಳತೆಯ ಪಟ್ಟಿ ಸಾಕು. ಏರದೆ ನಿಂತ ಒಂದು ಅಂಕಿಯನ್ನು ಕಂಡು, ಮಗುವಿನ ತಂದೆತಾಯಿಗಳನ್ನು ಬರಮಾಡಿಕೊಂಡು, ‘ಒಮ್ಮೆ ವೈದ್ಯರಿಗೆ ತೋರಿಸಿ’ ಎಂದು ಹೇಳುವ ಅಧ್ಯಾಪಕನ ಮಾತಿನಿಂದಲೇ ಮುಂದಿನ ಚಿತ್ರ, ಮುಂದಿನ ಅಳತೆ, ಮುಂದಿನ ವಿವೇಕಗಳೆಲ್ಲ ಆರಂಭವಾಗುತ್ತವೆ.